ಗೋಡೆಗೆ ಒರಗಿಸಿದ ಬಾಗಿಲು



2025ರ ಮೇ 7ನೆಯ ತಾರೀಖು ನಿಮಗೂ ನೆನಪಿರಬೇಕು. ಅಂದು ದೇಶದ ಹಲವು ಊರುಗಳಲ್ಲಿ ನಾಗರಿಕ ರಕ್ಷಣೆಯ ಮಾಕ್ ಡ್ರಿಲ್ ನಡೆಯಿತು. ಸೈರನ್ ಕೂಗಿತು, ದೀಪ ಆರಿಸಿದರು. ಸೊಲ್ಲಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಇದನ್ನೆಲ್ಲ ಟೀವಿಯಲ್ಲಿ ನೋಡಿದೆವು. ನಾಲ್ಕನೆಯ ಇಯತ್ತೆಯಲ್ಲಿ ಓದುವ ಮೊಮ್ಮಗ ಊಟದ ತಾಟು ಮುಂದಿಟ್ಟುಕೊಂಡೇ ಕೇಳಿದ: "ಮುತ್ಯಾ, ಅಣುಬಾಂಬ್ ಬಿದ್ರ ನಾವು ಪಲಂಗದ ಕೆಳಗ ಹೋದ್ರ ಉಳಿತೀವೇನು?"

ನಾನು ಪತ್ರಿಕೆಯಿಂದ ಕಣ್ಣೆತ್ತದೆ, "ಅಣುಬಾಂಬ್ ಬಿದ್ದ ಮ್ಯಾಲ ಪಲಂಗೂ ಇಲ್ಲ, ನಾವೂ ಇಲ್ಲ. ಸುಮ್ನ ಊಟ ಮಾಡು" ಅಂದುಬಿಟ್ಟೆ.

ಆ ರಾತ್ರಿ ಹುಡುಗ ಮಲಗಲಿಲ್ಲ. ಅವನ ಆಯಿಯ ಸೆರಗು ಹಿಡಿದುಕೊಂಡು ಒಂದು ಗಂಟೆಯವರೆಗೆ ಎಚ್ಚರವಿದ್ದ. ಬೆಳಿಗ್ಗೆ ಚಹದ ಜೊತೆಗೆ ನನಗೂ ಸಿಕ್ಕಿತು. "ಮೂವತ್ತಾರು ವರ್ಷ ಬ್ಯಾಂಕಿನಾಗ ಲೆಕ್ಕ ಬರದೀರಿ. ಕೂಸು ಒಂದು ಮಾತು ಕೇಳಿದ್ರ ತಿಳದು ಹೇಳಲಿಕ್ಕ ಬರಲಿಲ್ಲೇನ್ರಿ?" ಎಂದಳು ನಮ್ಮ ಮನೆಯಾಕೆ.

ಮಾತು ನಾಟಿತು. ಬ್ಯಾಂಕಿನಲ್ಲಿ ಸಂಜೆ ಕ್ಯಾಶ್ ತಾಳೆಯಾಗದಿದ್ದರೆ "ಹೋಯಿತು ಬಿಡಿ" ಎಂದು ಎದ್ದು ಹೋಗುವಂತಿಲ್ಲ. ಚೀಟಿ ಚೀಟಿ ತಿರುವಿ ಹಾಕಬೇಕು. ನಾನಾದರೋ ನೋಡದೆಯೇ ಉತ್ತರ ಕೊಟ್ಟಿದ್ದೆ. ಮೆಟ್ರಿಕ್ ಓದಿದವನು ನಾನು, ವಿಜ್ಞಾನ ನನ್ನ ವಿಷಯವಲ್ಲ. ಆದರೂ ಒಂದೆರಡು ತಿಂಗಳು ಕುಳಿತು ಸಿಕ್ಕಿದ್ದನ್ನು ಓದಿದೆ. ಓದಿದ ಮೇಲೆ ತಿಳಿದದ್ದು ಇಷ್ಟು: ಹುಡುಗನ ಪ್ರಶ್ನೆಯಲ್ಲಿ ಒಂದಲ್ಲ, ಮೂರು ಖಾತೆಗಳಿವೆ. ಮೂರನ್ನೂ ಒಂದೇ ಪುಟದಲ್ಲಿ ಬರೆದದ್ದು ನನ್ನ ತಪ್ಪು.

ಇದೇ ಪ್ರಶ್ನೆಗೆ ಒಂದು ಸರಕಾರ ಅಧಿಕೃತವಾಗಿ ಉತ್ತರ ಕೊಟ್ಟದ್ದುಂಟು. 1980ರ ಮೇ ತಿಂಗಳಲ್ಲಿ ಬ್ರಿಟನ್ ಸರಕಾರ 'ಪ್ರೊಟೆಕ್ಟ್ ಅಂಡ್ ಸರ್ವೈವ್' ಎಂಬ ಸಣ್ಣ ಪುಸ್ತಿಕೆಯನ್ನು 50 ಪೆನ್ಸ್ ಬೆಲೆಗೆ ಮಾರಾಟಕ್ಕೆ ಬಿಟ್ಟಿತು. ರಶಿಯಾದ ಕ್ಷಿಪಣಿ ಬಂದರೆ ನಾಲ್ಕು ನಿಮಿಷದ ಮುನ್ಸೂಚನೆ ಸಿಗುತ್ತದೆ ಎಂದು ಅಲ್ಲಿನ ಜನ ಮಾತಾಡಿಕೊಳ್ಳುತ್ತಿದ್ದ ಕಾಲ ಅದು. ನನ್ನ ಮಗ ಅದರ ಪ್ರತಿಯನ್ನು ಕಂಪ್ಯೂಟರಿನಿಂದ ತೆಗೆದುಕೊಟ್ಟ. ಇಂಗ್ಲಿಷು ಸರಳವಾಗಿಯೇ ಇದೆ.

ಅದರಲ್ಲಿ ಹೇಳಿದ್ದು ಹೀಗೆ. ಮನೆಯಲ್ಲಿ ಹೊರಗೋಡೆಗೂ ಛಾವಣಿಗೂ ಆದಷ್ಟು ದೂರದ ಒಂದು ಕೋಣೆ ಆರಿಸಿಕೊಳ್ಳಿ. ಒಳಬಾಗಿಲುಗಳನ್ನು ಕೀಲಿನಿಂದ ಬಿಚ್ಚಿ, ಒಳಗೋಡೆಗೆ ಓರೆಯಾಗಿ ಒರಗಿಸಿ. ಬುಡ ಜಾರದಂತೆ ನೆಲಕ್ಕೊಂದು ಕಟ್ಟಿಗೆಯ ಪಟ್ಟಿ ಹೊಡೆಯಿರಿ. ಮೇಲೆ ಮಣ್ಣು, ಮರಳು, ಪುಸ್ತಕ, ಬಟ್ಟೆ ತುಂಬಿದ ಚೀಲ ಪೆಟ್ಟಿಗೆಗಳನ್ನು ಹೇರಿ. ಕಿಟಕಿಯ ಗಾಜಿಗೆ ಬಿಳಿ ಬಣ್ಣ ಬಳಿಯಿರಿ. ಮೊದಲ ಎರಡು ದಿನ ಆ ಬಾಗಿಲ ಮರೆಯಲ್ಲೇ ಇರಿ, ಒಟ್ಟು ಹದಿನಾಲ್ಕು ದಿನ ಆ ಕೋಣೆ ಬಿಡಬೇಡಿ. ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ ಎರಡು ಪಿಂಟು, ಅಂದರೆ ಲೀಟರಿಗೆ ತುಸು ಮೇಲೆ. ಕುರ್ಚಿಯ ಆಸನ ತೆಗೆದು ಕೆಳಗೆ ಬಕೆಟ್ಟಿಟ್ಟರೆ ಪಾಯಖಾನೆ. ರೇಡಿಯೋ ಇರಲಿ, ಹೆಚ್ಚಿನ ಸೆಲ್ ಇರಲಿ. ಯಾರಾದರೂ ತೀರಿಕೊಂಡರೆ ಹೆಣ ಸುತ್ತಿ ಹೆಸರಿನ ಚೀಟಿ ಕಟ್ಟಿ ಎಂಬ ಸೂಚನೆಯೂ ಅದೇ ಧಾಟಿಯಲ್ಲಿ ಬರುತ್ತದೆ. ಓದುತ್ತ ನಾನು ಆ ಪುಟದಲ್ಲಿ ಸ್ವಲ್ಪ ಹೊತ್ತು ನಿಂತೆ.

ಅಲ್ಲಿನ ಜನ ನಕ್ಕರು, ಸಿಟ್ಟಿಗೂ ಎದ್ದರು. ಇತಿಹಾಸಕಾರ ಇ. ಪಿ. ಥಾಂಪ್ಸನ್ ಅದೇ ವರ್ಷ 'ಪ್ರೊಟೆಸ್ಟ್ ಅಂಡ್ ಸರ್ವೈವ್' ಎಂಬ ಪ್ರತಿಪುಸ್ತಿಕೆ ಬರೆದರು. ಉಳಿಯಬೇಕಾದರೆ ಪ್ರತಿಭಟಿಸಿ ಎಂದು ಅದರ ಅರ್ಥ. 1982ರಲ್ಲಿ ರೇಮಂಡ್ ಬ್ರಿಗ್ಸ್ ಎಂಬ ಚಿತ್ರಕಾರ 'ವೆನ್ ದ ವಿಂಡ್ ಬ್ಲೋಸ್' ಎಂಬ ಚಿತ್ರಕಥೆ ತಂದರು. ನಿವೃತ್ತ ಮುದುಕ, ಅವನ ಹೆಂಡತಿ, ಸರಕಾರದ ಪುಸ್ತಿಕೆಯನ್ನು ಅಕ್ಷರಶಃ ಪಾಲಿಸಿ ಬಾಗಿಲು ಒರಗಿಸಿ ಕೂರುತ್ತಾರೆ. ಬಾಂಬಿನಿಂದ ಉಳಿಯುತ್ತಾರೆ; ಆಮೇಲೆ ಹೊರಗೆ ಬಂದು ವಿಕಿರಣದಿಂದ ನಿಧಾನವಾಗಿ ಸೊರಗುತ್ತಾರೆ. ನಿವೃತ್ತ ಮುದುಕನಾದ ನನಗೆ ಅದನ್ನು ನೋಡುವಾಗ ಹೊಟ್ಟೆಯಲ್ಲಿ ಕಸಿವಿಸಿಯಾಯಿತು.

ಹಾಗಾದರೆ ಬಾಗಿಲು ಬರೀ ಕಣ್ಕಟ್ಟೇ? ಇಲ್ಲಿ ಖಾತೆಗಳನ್ನು ಬೇರ್ಪಡಿಸಬೇಕು.

ಮೊದಲನೆಯದು ಬೆಳಕು ಮತ್ತು ಬಿಸಿ. 1945ರ ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಹಿರೋಶಿಮಾದ ಮೇಲೆ ಸುಮಾರು 600 ಮೀಟರ್ ಎತ್ತರದಲ್ಲಿ ಬಾಂಬ್ ಸಿಡಿಯಿತು. ಅದರ ಶಕ್ತಿ ಸುಮಾರು 15 ಕಿಲೋಟನ್. ಅಂದರೆ 15 ಸಾವಿರ ಟನ್ ಸಿಡಿಮದ್ದು. ಸಿಡಿತದ ಕೆಳಗಿನ ಬಿಂದುವಿನಿಂದ 260 ಮೀಟರ್ ದೂರದಲ್ಲಿ ಸುಮಿತೊಮೊ ಬ್ಯಾಂಕಿನ ಶಾಖೆಯಿತ್ತು. ಅದರ ಕಲ್ಲಿನ ಮೆಟ್ಟಿಲ ಮೇಲೆ ಯಾರೋ ಒಬ್ಬರು ಬ್ಯಾಂಕ್ ತೆರೆಯುವುದನ್ನು ಕಾಯುತ್ತ ಕುಳಿತಿದ್ದರೆಂದು ಹೇಳುತ್ತಾರೆ. ಸುತ್ತಲ ಕಲ್ಲು ಕಾವಿಗೆ ಬೆಳ್ಳಗಾಯಿತು. ಅವರು ಕುಳಿತಿದ್ದಷ್ಟು ಜಾಗ ಮಾತ್ರ ಕಪ್ಪಗೆ ಉಳಿಯಿತು. ಆ ಮೆಟ್ಟಿಲನ್ನು 1971ರಲ್ಲಿ ಅಲ್ಲಿನ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ಕೌಂಟರ್ ತೆರೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂರುವ ಪಿಂಚಣಿದಾರರನ್ನು ನಾನು ವರ್ಷಗಟ್ಟಲೆ ಕಂಡವನು. ಆ ಚಿತ್ರ ನೋಡಿದ ಮೇಲೆ ನನಗೆ ಆ ಮುಖಗಳೇ ನೆನಪಾಗುತ್ತವೆ.

ಈ ಬಿಸಿ ಬೆಳಕಿನ ವೇಗದಲ್ಲಿ, ನೇರ ಗೆರೆಯಲ್ಲಿ ಬರುತ್ತದೆ. ನಡುವೆ ಏನೇ ಅಡ್ಡವಿದ್ದರೂ ನೆರಳು ಬೀಳುತ್ತದೆ. ಕಿಟಕಿಗೆ ಬಿಳಿ ಬಣ್ಣ ಬಳಿಯುವುದು ಹುಚ್ಚಲ್ಲ. ಪರದೆಗೆ, ಹಾಸಿಗೆಗೆ ಬೆಂಕಿ ಹತ್ತದಂತೆ ಅದು ಕಾವನ್ನು ಹಿಂದಕ್ಕೆ ತಳ್ಳುತ್ತದೆ. ಕೆಲವು ಸೆಕೆಂಡಿನಲ್ಲಿ ಗಾಜೇ ಉಳಿಯದಿರಬಹುದು, ಅದು ಬೇರೆ ಮಾತು.

ಎರಡನೆಯ ಖಾತೆ ಗಾಳಿಯ ಹೊಡೆತ. ಇಲ್ಲಿ ಬಾಗಿಲಿನ ಲೆಕ್ಕ ಸೋಲುತ್ತದೆ. ಸಾಮಾನ್ಯ ಮನೆ ಕುಸಿಯಲು ಪ್ರತಿ ಚದರ ಇಂಚಿಗೆ 5 ಪೌಂಡ್ ಹೆಚ್ಚಿನ ಒತ್ತಡ ಸಾಕು. ಕೇಳಲಿಕ್ಕೆ ಚಿಲ್ಲರೆ. ಆದರೆ ಒಂದು ಚದರ ಮೀಟರಿಗೆ ಅದು ಮೂರೂವರೆ ಟನ್ ಆಗುತ್ತದೆ, ನಮ್ಮ ಮನೆಯ ಒಂದು ಬಾಗಿಲಿಗೆ ಆರು ಟನ್ನಿಗೂ ಮೇಲೆ. ಹಿರೋಶಿಮಾದಂಥ ಬಾಂಬಿಗೆ ಸುಮಾರು ಒಂದೂಮುಕ್ಕಾಲು ಕಿಲೋಮೀಟರಿನ ತನಕ ಈ ಒತ್ತಡ ಇರುತ್ತದೆ. ಅದರೊಳಗೆ ನೀವು ಬಾಗಿಲು ಒರಗಿಸಿ, ಪಲಂಗದ ಕೆಳಗೆ ಹೋಗಿ, ದೇವರ ಕೋಣೆಯಲ್ಲಿ ಕೂರಿ, ಮನೆಯೇ ಮೇಲೆ ಬೀಳುತ್ತದೆ. ಇಂದಿನ ಬಾಂಬುಗಳು ಇನ್ನೂ ದೊಡ್ಡವು. ಎಂಟು ಪಟ್ಟು ಶಕ್ತಿಯ ಬಾಂಬಿಗೆ ಈ ದೂರ ಎರಡು ಪಟ್ಟಾಗುತ್ತದೆ.

ಆದರೂ ಹತ್ತಿರವಿದ್ದವರೆಲ್ಲ ಸತ್ತರೆಂದು ನಾನು ಬರೆಯುವಂತಿಲ್ಲ. ಕೇವಲ 170 ಮೀಟರ್ ದೂರದಲ್ಲಿದ್ದ ಒಂದು ಕಟ್ಟಡದ ನೆಲಮಾಳಿಗೆಗೆ ಎಯಿಜೊ ನೊಮುರಾ ಎಂಬ 47 ವಯಸ್ಸಿನ ನೌಕರರು ಕಾಗದಪತ್ರ ತರಲು ಇಳಿದಿದ್ದರು. ಅಲ್ಲಿದ್ದ 37 ಜನರಲ್ಲಿ ಅವರೊಬ್ಬರೇ ಬದುಕಿದರು, ಎಂಬತ್ತು ದಾಟುವ ತನಕ ಬಾಳಿದರು. ಒಂದು ಕಡತ ಮೇಲಿನ ಕಪಾಟಿನಲ್ಲಿ ಇದ್ದಿದ್ದರೆ! ಸುಮಾರು 300 ಮೀಟರ್ ದೂರದಲ್ಲಿ ಇನ್ನೊಂದು ಬ್ಯಾಂಕಿನೊಳಗೆ 20 ವಯಸ್ಸಿನ ಅಕಿಕೊ ತಕಾಕುರಾ ಇದ್ದರು. ಬೆನ್ನಿಗೆ ನೂರಕ್ಕೂ ಹೆಚ್ಚು ಗಾಯಗಳಾದರೂ ಬದುಕಿ ಉಳಿದು, ಕಂಡದ್ದನ್ನು ಮುಂದೆ ಲೋಕಕ್ಕೆ ಹೇಳಿದರು. ಬ್ಯಾಂಕ್ ಆಫ್ ಜಪಾನಿನ ಶಾಖೆ 380 ಮೀಟರ್ ದೂರದಲ್ಲಿತ್ತು. 1936ರಲ್ಲಿ ಕಟ್ಟಿದ ಗಟ್ಟಿ ಕಟ್ಟಡ. ಕೆಳಗಿನ ಎರಡು ಅಂತಸ್ತುಗಳ ಕಬ್ಬಿಣದ ಶಟರ್ ಆ ಹೊತ್ತಿಗೆ ಇನ್ನೂ ಮುಚ್ಚಿತ್ತು. ಮೂರನೆಯ ಅಂತಸ್ತಿನದು ತೆರೆದಿತ್ತು. ಮೂರನೆಯದು ಪೂರಾ ಸುಟ್ಟಿತು, ಕೆಳಗಿನವು ನಿಂತವು. ಆಗಸ್ಟ್ 8ಕ್ಕೆ, ಅಂದರೆ ಎರಡೇ ದಿನಕ್ಕೆ, ಆ ಬ್ಯಾಂಕು ವ್ಯವಹಾರ ಶುರು ಮಾಡಿತು. ಊರಿನ ಬೇರೆ ಬ್ಯಾಂಕುಗಳೂ ಅಲ್ಲಿಯೇ ಕೌಂಟರ್ ಹಾಕಿಕೊಂಡವು. ಆ ಕೌಂಟರಿನ ಹಿಂದೆ ಕುಳಿತ ಗುಮಾಸ್ತನ ಕೈ ಹೇಗೆ ನಡುಗಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇವರನ್ನೆಲ್ಲ ಕಾಪಾಡಿದ್ದು ಮನೆಯ ಬಾಗಿಲಲ್ಲ. ಕಾಂಕ್ರೀಟು, ಕಲ್ಲು, ನೆಲಮಾಳಿಗೆ, ಜೊತೆಗೆ ದೈವ. ಆ ವರ್ಷದ ಕೊನೆಯೊಳಗೆ ಆ ಊರಿನಲ್ಲಿ ಸುಮಾರು 1,40,000 ಜನ ಸತ್ತರು. ಸ್ವಿಟ್ಜರ್‌ಲ್ಯಾಂಡಿನವರು ಇದನ್ನು ಅರಿತು ಕಟ್ಟಡ ಕಟ್ಟುವಾಗಲೇ ಅಡಿಯಲ್ಲಿ ಕಾಂಕ್ರೀಟಿನ ಆಶ್ರಯ ಇರಬೇಕೆಂದು 1960ರ ದಶಕದಲ್ಲಿ ಕಾಯಿದೆ ಮಾಡಿಕೊಂಡರು. ಅವರ ಜನಸಂಖ್ಯೆಗಿಂತ ಹೆಚ್ಚು ಜಾಗ ಅಲ್ಲಿದೆ. ಅದು ದುಡ್ಡಿದ್ದವರ ದಾರಿ.

ಇಲ್ಲಿ ನಮ್ಮ ಸೀಮೆಯ ಒಂದು ಮಾತು ಹೇಳಲೇಬೇಕು. ನನ್ನ ಲೆಕ್ಕ ನೋಡಿದ ಗೆಳೆಯರೊಬ್ಬರು, "ಅಕ್ಕಲಕೋಟದ ಕಡೆ ನಮ್ಮ ಹಳೇ ಮನಿ ಗ್ವಾಡಿ ಮೂರು ಫೂಟ ದಪ್ಪ ಅದರಿ, ಅದಕ್ಕೇನ ಆಗ್ತದ?" ಎಂದರು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಾಲ್ಕರ ಸುಮಾರಿಗೆ ಕಿಲ್ಲಾರಿಯಲ್ಲಿ ಭೂಕಂಪವಾದಾಗ ನಾವು ಸೊಲ್ಲಾಪುರದಲ್ಲಿ ಹಾಸಿಗೆಯಿಂದ ಎದ್ದು ಬೀದಿಗೆ ಓಡಿದ್ದೆವು. ಮೂರನೆಯ ದಿನ ಸಹೋದ್ಯೋಗಿಗಳ ಜೊತೆ ಟೆಂಪೋದಲ್ಲಿ ಕಂಬಳಿ, ಬಿಸ್ಕೀಟು ಹೇರಿಕೊಂಡು ಉಮರ್ಗಾದ ಆಚೆಯ ಹಳ್ಳಿಗಳಿಗೆ ಹೋದೆ. ಅಲ್ಲಿಯೂ ಅಂಥವೇ ಮನೆಗಳು. ಕಲ್ಲು ಮಣ್ಣಿನ ಎರಡು ಮೂರು ಅಡಿ ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬಿಸಿಲಿಗೆ ತಂಪು, ಚಳಿಗೆ ಬೆಚ್ಚಗೆ. ಆ ಭಾರವೇ ಮಲಗಿದವರ ಮೇಲೆ ಬಿದ್ದಿತ್ತು. ಸುಮಾರು ಹತ್ತು ಸಾವಿರ ಜನ ಹೋದರು. ಗೋಡೆಯ ದಪ್ಪಕ್ಕೂ ಗೋಡೆಯ ಗಟ್ಟಿತನಕ್ಕೂ ಸಂಬಂಧವಿಲ್ಲವೆಂದು ನಾನು ಅಲ್ಲಿ ಕಣ್ಣಾರೆ ಕಂಡೆ. ಗೆಳೆಯರಿಗೆ ಅಷ್ಟು ಹೇಳಿದೆ, ಅವರು ಸುಮ್ಮನಾದರು.

ಇನ್ನು ದೂರದ ಲೆಕ್ಕ. ನಾಲ್ಕೈದು ಕಿಲೋಮೀಟರ್ ದೂರದವನಿಗೆ ಮನೆ ಬೀಳುವುದಿಲ್ಲ, ಕಿಟಕಿ ಒಡೆಯುತ್ತದೆ. ಅಲ್ಲಿ ಪಲಂಗಕ್ಕೆ ಬೆಲೆ ಬರುತ್ತದೆ. ಬೆಳಕು ಮೊದಲು ಬರುತ್ತದೆ, ಹೊಡೆತ ಆಮೇಲೆ. ಐದು ಕಿಲೋಮೀಟರ್ ದೂರವಿದ್ದರೆ ನಡುವೆ ಹತ್ತು ಸೆಕೆಂಡಿಗೂ ಹೆಚ್ಚು ಸಮಯವಿರುತ್ತದೆ. ಮನುಷ್ಯ ಆ ಹತ್ತು ಸೆಕೆಂಡಿನಲ್ಲಿ ಏನು ಮಾಡುತ್ತಾನೆ? ಬೆಳಕೇನು ಎಂದು ಕಿಟಕಿಗೆ ಹೋಗಿ ನಿಲ್ಲುತ್ತಾನೆ. 2013ರ ಫೆಬ್ರವರಿ 15ರಂದು ರಶಿಯಾದ ಚೆಲ್ಯಾಬಿನ್‌ಸ್ಕ್ ಊರಿನ ಆಕಾಶದಲ್ಲಿ ಉಲ್ಕೆಯೊಂದು ಸಿಡಿಯಿತು. ಅದು ಬಾಂಬಲ್ಲ, ಆದರೆ ಅದರ ಗಾಳಿಯ ಹೊಡೆತ ಬಾಂಬಿನ ಹಾಗೆಯೇ ಬಂತು. ಬೆಳಕಿಗೂ ಹೊಡೆತಕ್ಕೂ ನಡುವೆ ಎರಡು ನಿಮಿಷಕ್ಕೂ ಮೇಲೆ ಸಮಯವಿತ್ತು. ಸುಮಾರು 1,500 ಜನ ಗಾಯಗೊಂಡರು, ಹೆಚ್ಚಿನವರು ಗಾಜಿನ ಚೂರಿನಿಂದ. ಯೂಲಿಯಾ ಕರ್ಬಿಶೆವಾ ಎಂಬ ಶಿಕ್ಷಕಿ ತನ್ನ ತರಗತಿಯ 44 ಮಕ್ಕಳನ್ನು ಬೆಂಚಿನ ಕೆಳಗೆ ಕೂರಿಸಿದರು. ಅವು ನಾಲ್ಕನೆಯ ತರಗತಿಯ ಮಕ್ಕಳು, ನಮ್ಮ ಹುಡುಗನದೇ ತರಗತಿ. ಒಂದು ಮಗುವಿಗೂ ಗಾಯವಾಗಲಿಲ್ಲ. ನಿಂತೇ ಇದ್ದ ಆ ಶಿಕ್ಷಕಿಯ ಕೈ ಮಾತ್ರ ಗಾಜಿಗೆ ಕತ್ತರಿಸಿತು.

ಮೂರನೆಯ ಖಾತೆ ವಿಕಿರಣದ ದೂಳು. ಬಾಂಬು ನೆಲಕ್ಕೆ ತಾಗಿ ಸಿಡಿದರೆ ಮಣ್ಣು ಮೇಲೆದ್ದು, ವಿಷ ಹತ್ತಿಸಿಕೊಂಡು, ಗಾಳಿ ಬೀಸಿದ ದಿಕ್ಕಿಗೆ ಮೈಲಿಗಟ್ಟಲೆ ದೂರ ಹೋಗಿ ಬೀಳುತ್ತದೆ. ಹಿರೋಶಿಮಾದಲ್ಲಿ ಎತ್ತರದಲ್ಲಿ ಸಿಡಿದದ್ದರಿಂದ ಇದು ಕಡಿಮೆ, ಆದರೂ ಅಲ್ಲಿ ಕಪ್ಪು ಮಳೆ ಸುರಿಯಿತು. ಈ ದೂಳನ್ನು ಮಾಳಿಗೆಯ ಮೇಲೆ ಹಚ್ಚಿಟ್ಟ ದೀಪವೆಂದು ತಿಳಿಯಿರಿ. ಅದರ ಕಿರಣ ಛಾವಣಿ ತೂರಿ ಕೆಳಗೆ ಬರುತ್ತದೆ. ತಡೆಯುವುದು ಭಾರ ಮಾತ್ರ. ಒತ್ತಿ ತುಂಬಿದ ಮಣ್ಣಾದರೆ 9 ಸೆಂಟಿಮೀಟರಿಗೆ ಅರ್ಧ, 18ಕ್ಕೆ ಕಾಲು, 27ಕ್ಕೆ ಎಂಟರಲ್ಲೊಂದು. ಮೂರು ಅಡಿಯಾದರೆ ಸಾವಿರದಲ್ಲೊಂದು. ಕಿಲ್ಲಾರಿಯಲ್ಲಿ ಕೊಂದ ಅದೇ ಭಾರ ಇಲ್ಲಿ ಕಾಯುತ್ತದೆ, ಗೋಡೆ ನಿಂತಿದ್ದರೆ.

ಈ ದೀಪಕ್ಕೆ ಇನ್ನೊಂದು ಗುಣವಿದೆ, ಎಣ್ಣೆ ಬೇಗ ತೀರುತ್ತದೆ. ನಮ್ಮ ಚಕ್ರಬಡ್ಡಿ ಉಲ್ಟಾ ತಿರುಗಿದಂತೆ. ಹೊತ್ತು ಏಳು ಪಟ್ಟಾದರೆ ವಿಕಿರಣ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಸಿಡಿದ ಒಂದು ಗಂಟೆಗೆ ಸಾವಿರ ಇದ್ದದ್ದು ಏಳು ಗಂಟೆಗೆ ನೂರು. 49 ಗಂಟೆಗೆ, ಅಂದರೆ ಎರಡು ದಿನಕ್ಕೆ, ಹತ್ತು. 343 ಗಂಟೆಗೆ ಒಂದು. 343ನ್ನು 24ರಿಂದ ಭಾಗಿಸಿ ನೋಡಿದೆ: ಹದಿನಾಲ್ಕು ದಿನ, ಏಳು ಗಂಟೆ. ಬ್ರಿಟನ್ನಿನ ಪುಸ್ತಿಕೆಯ ಎರಡು ದಿನ, ಹದಿನಾಲ್ಕು ದಿನ ಎಲ್ಲಿಂದ ಬಂದವೆಂದು ಆಗ ಹೊಳೆಯಿತು. ನಿಜ ಹೇಳಬೇಕೆಂದರೆ, ಕ್ಯಾಶ್ ತಾಳೆಯಾದಾಗಿನ ಸಂತೋಷವೇ ಆಯಿತು. ಜನ ನಕ್ಕ ಆ ಪುಸ್ತಿಕೆ ಈ ಖಾತೆಯಲ್ಲಿ ಸುಳ್ಳು ಬರೆದಿರಲಿಲ್ಲ. ಗಾಳಿಯ ಹೊಡೆತಕ್ಕೂ ಅದೇ ಬಾಗಿಲು ಸಾಕೆಂಬ ಭಾವನೆ ಹುಟ್ಟಿಸಿದ್ದು ಅದರ ದೋಷ.

ಒಂದು ರವಿವಾರ ನಾನೂ ಮೊಮ್ಮಗನೂ ಅಡುಗೆಮನೆಯ ಪಕ್ಕದ ಕೋಣೆಯ ಬಾಗಿಲು ಬಿಚ್ಚಿ ಒರಗಿಸಿಯೇ ನೋಡಿದೆವು. ಮೊದಲ ಸಲ ಬುಡ ಜಾರಿ ಧೊಪ್ಪನೆ ಬಿತ್ತು. ಪಟ್ಟಿ ಹೊಡೆದ ಮೇಲೆ ನಿಂತಿತು. ಆ ಬಾಗಿಲ ಮೇಲೆ 27 ಸೆಂಟಿಮೀಟರ್ ಮಣ್ಣು ಹೇರಿದರೆ ಎಷ್ಟು ಭಾರವೆಂದು ಅಲ್ಲೇ ಕುಳಿತು ಲೆಕ್ಕ ಹಾಕಿದೆ. ಸುಮಾರು ಎಂಟು ಕ್ವಿಂಟಲ್. ಎಂಟು ಚೀಲ ಜೋಳ! ಈಗಿನ ಪ್ಲೈವುಡ್ಡಿನ ಪೊಳ್ಳು ಬಾಗಿಲು ಅದನ್ನು ಹೊರುವುದಿಲ್ಲ. ಹಳೆಯ ಸಾಗವಾನಿ ಬಾಗಿಲಾದರೆ, ಕೆಳಗೆ ಅಡ್ಡ ತೊಲೆ ಕೊಟ್ಟರೆ ಹೊರಬಹುದೇನೋ. ನಾಲ್ಕು ನಿಮಿಷದಲ್ಲಿ ಎಂಟು ಕ್ವಿಂಟಲ್ ಮಣ್ಣು ಹೇರುವ ಹಮಾಲರು ನಮ್ಮ ಮಾರ್ಕೆಟ್ ಯಾರ್ಡಿನಲ್ಲೂ ಇಲ್ಲ. ಮಣ್ಣು ಮೊದಲೇ ತುಂಬಿಟ್ಟಿರಬೇಕು.

ಹುಡುಗ ಬಾಗಿಲ ಮರೆಯಲ್ಲಿ ಕುಳಿತು ಬಿಸ್ಕೀಟು ತಿಂದ. ನಾನೂ ತೂರಿದೆ, ಮೊಣಕಾಲು ಮಡಚಲು ಬರಲಿಲ್ಲ. ನಮ್ಮ ಮನೆಯವರು ಐದು ಜನ. ಹದಿನಾಲ್ಕು ದಿನಕ್ಕೆ ಬ್ರಿಟನ್ನಿನ ಲೆಕ್ಕದಲ್ಲಿ ಒಬ್ಬರಿಗೆ ಹದಿನಾರು ಲೀಟರ್ ಕುಡಿಯುವ ನೀರು, ಐವರಿಗೆ ಎಂಬತ್ತು. ನಮ್ಮ ಮೇ ತಿಂಗಳ ಬಿಸಿಲಿಗೆ ಅದರ ಎರಡು ಪಟ್ಟಾದರೂ ಬೇಕು. ನೀರಿನ ವಿಷಯದಲ್ಲಿ ಸೊಲ್ಲಾಪುರದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಳಕ್ಕೆ ನಾಲ್ಕೈದು ದಿನಕ್ಕೊಮ್ಮೆ ನೀರು ಬರುವ ಕಾಲವನ್ನು ವರ್ಷಗಟ್ಟಲೆ ಕಂಡು, ಡ್ರಮ್ಮು ಹಂಡೆ ತುಂಬಿಡುವ ಅಭ್ಯಾಸ ನಮ್ಮ ಹೆಂಗಸರಿಗೆ ಆಗಿಹೋಗಿದೆ.

"ಹಗೇವಿನಾಗ ಹೋಗಿ ಕೂತ್ರ ಹ್ಯಾಂಗ್ರಿ?" ಎಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮನೆಯಾಕೆ ಕೇಳಿದಳು. ಅವಳ ತವರಿನಲ್ಲಿ ಜೋಳ ತುಂಬುವ ಹಗೇವು ಇತ್ತು. ಮಾತು ದಡ್ಡತನದ್ದಲ್ಲ. ತಲೆಯ ಮೇಲೆ ಮೂರು ಅಡಿ ಮಣ್ಣು ಅಲ್ಲಿ ತಾನೇ ಸಿಗುತ್ತದೆ. ಆದರೆ ಹಗೇವು ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ ಎಂಬುದು ಅವಳಿಗೇ ಗೊತ್ತು. ಮೊದಲು ದೀಪ ಇಳಿಬಿಟ್ಟು ನೋಡುತ್ತಾರೆ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ. ಬಾಯಿ ಮುಚ್ಚಿ ಐದು ಜನ ಕುಳಿತರೆ ನಮ್ಮ ಉಸಿರೇ ನಮಗೆ ಮುಳುವು. ಗಾಳಿಯಾಡಲು ದಾರಿ ಬಿಡಲೇಬೇಕು. ದೂಳು ಮರಳಿನಂಥದ್ದು, ಮೇಲಿನಿಂದ ಬಿದ್ದು ನೆಲದಲ್ಲಿ ಕೂರುತ್ತದೆ. ಗಾಳಿಕಿಂಡಿಗೆ ಓರೆ ಮರೆ ಇದ್ದರೆ ಒಳಗೆ ಬರುವುದು ಕಡಿಮೆ. ಹೊರಗಿದ್ದು ಬಂದವನು ಮೇಲಿನ ಬಟ್ಟೆ ಬಾಗಿಲಾಚೆ ಬಿಚ್ಚಿಟ್ಟು ಮೈ ತಲೆ ತೊಳೆದುಕೊಂಡರೆ ಮೈಗೆ ಹತ್ತಿದ ದೂಳು ಬಹುಪಾಲು ಹೋಗುತ್ತದೆ. ಮಸಣದಿಂದ ಬಂದವರಿಗೆ ನಮ್ಮ ಹಿರಿಯರು ಮಾಡಿಸುತ್ತಿದ್ದುದೂ ಅದನ್ನೇ.

ಬಾಗಿಲ ಮರೆಯಲ್ಲಿ ಕುಳಿತೇ ಹುಡುಗನಿಗೆ ಹೇಳಿದೆ. "ಬೆಳಕು ಕಂಡ್ರ ಕಿಡಕಿಗಿ ಹೋಗಬ್ಯಾಡ. ಬೋರಲು ಬೀಳು, ತಲಿ ಮುಚ್ಕೋ. ಆಮ್ಯಾಲ ಮನಿ ನಡುವಿನ ಕ್ವಾಣಿಗಿ ಬಾ, ಎರಡು ದಿನ ಹೊರಗ ಹೋಗಬಾರ್ದು. ದೂರ ಬಿದ್ರ ಇದರಿಂದ ಉಳಿಯೂದು ಭಾಳ ಅದ."

"ಹತ್ತರ ಬಿದ್ರ?"

ನಾನು ಸ್ವಲ್ಪ ತಡೆದು, "ಹತ್ತರ ಬಿದ್ರ ಇಲ್ಲಪಾ" ಅಂದೆ.

ಅವನು ಇನ್ನೊಂದು ಬಿಸ್ಕೀಟು ಮುರಿದು ಅರ್ಧ ನನಗೆ ಕೊಟ್ಟ. "ಮತ್ತ ಮೊದಲು ಯಾಕ ಬರೇ ಇದೊಂದ ಹೇಳಿದಿ?" ಎಂದ. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಸಂಜೆ ಬಾಗಿಲನ್ನು ಮತ್ತೆ ಕೀಲಿಗೆ ಕೂರಿಸಿದೆ. ಒಂದು ಸ್ಕ್ರೂ ಎಲ್ಲಿ ಹೋಯಿತೋ ಸಿಗಲಿಲ್ಲ. ಅಂದಿನಿಂದ ಅದು ತೆರೆಯುವಾಗೊಮ್ಮೆ, ಮುಚ್ಚುವಾಗೊಮ್ಮೆ ಕಿರ್ರೆನ್ನುತ್ತದೆ. ಬಡಿಗನನ್ನು ಕರೆಸಿ ಎಂದು ಮನೆಯಾಕೆ ದಿನಾ ಹೇಳುತ್ತಿದ್ದಾಳೆ. ನಾಳೆ ಕರೆಸಬೇಕು.